ಪುಟ್ಟಿ ನೋಡಬಹುದಾದ ಸ್ವೀಡಿಶ್ ಸಿನಿಮಾ

ಉಪ್ಸಾಲಾ, ಸ್ವೀಡನ್

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಕ್ಷೇಮ. ಮಳೆಗಾಲಕ್ಕೆ ಮೊದಲು ಮಾಡಿನ ಹಂಚು ಬದಲಾಯಿಸಿದಿರೇ? ಸ್ವೀಡನ್ನಿನ ಸಿನಿಮಾಗಳಲ್ಲಿ ಹದಿಹರೆಯದ ಮಕ್ಕಳಿಗೆ ಲಂಗುಲಗಾಮೇ ಇರುವುದಿಲ್ಲವಂತೆ, ಪುಟ್ಟಿ ಅವನ್ನು ನೋಡಬಹುದೇ ಎಂದು ನೀನು ಫೋನಿನಲ್ಲಿ ಕೇಳಿದೆ. ಪಕ್ಕದಲ್ಲಿ ಭಾವನವರಿದ್ದರು, ಹಾಗಾಗಿ ನಾನು ಮಾತು ಹಾರಿಸಿದೆ.

ಮಕ್ಕಳು ಸಿಗರೇಟು ಸೇದುತ್ತಾರೆ, ಕುಡಿಯುತ್ತಾರೆ, ಮುತ್ತಿಡುತ್ತಾರೆ, ಅದೇನೋ ನಿಜ. ಆದರೆ ನಾನು ನೋಡಿದ ಚಿತ್ರಗಳಲ್ಲಿ ಹೆಚ್ಚು ದಿಕ್ಕೆಟ್ಟವರು ದೊಡ್ಡವರೇ. ರಾಯ್ ಆಂಡರ್ಸನ್ 1970ರಲ್ಲಿ ತೆಗೆದ ‘ಎ ಸ್ವೀಡಿಶ್ ಲವ್ ಸ್ಟೋರಿ’ಯಲ್ಲಿ ಅನಿಕಾ ಮತ್ತು ಮೊಪೆಡ್ ಓಡಿಸುವ ಪ್ಯಾರ್ ಎಂಬ ಹುಡುಗ ಸದ್ದಿಲ್ಲದೆ ಪ್ರೀತಿಸುತ್ತಾರೆ. ಅನಿಕಾಳ ಅಪ್ಪ ಫ್ರಿಜ್ ಮಾರುವವನು, ಜಗತ್ತಿನ ಮೇಲೆಲ್ಲ ಕಹಿ ಕಾರುತ್ತಾನೆ. ಕೊನೆಗೆ ಬೇಸಿಗೆಯ ಔತಣದ ನಡುವೆ ಎದ್ದು ಹೋಗಿ ಮಂಜಿನಲ್ಲಿ ಕಾಣೆಯಾಗುತ್ತಾನೆ. ದೊಡ್ಡವರೆಲ್ಲ ಕೂಗುತ್ತಾ ಹುಡುಕುತ್ತಾರೆ. ಮಕ್ಕಳಿಗೆ ಅದರ ಗೊಡವೆಯೇ ಇಲ್ಲ.

ನನಗೆ ಅದಕ್ಕಿಂತ ಹಿಡಿಸಿದ್ದು 1998ರ ಲೂಕಾಸ್ ಮೂಡಿಸನ್ ಚಿತ್ರ. ಓಮೋಲ್ ಎಂಬ ಸಣ್ಣ ಊರಿನ ಕಥೆ. ಮೂಲ ಹೆಸರಿನಲ್ಲೇ ಬೈಗುಳವಿದೆ, ಭಾವನವರೂ ಓದುವ ಪತ್ರದಲ್ಲಿ ಅದನ್ನು ಬರೆಯಲಾರೆ. ಹೊರದೇಶಗಳಲ್ಲಿ ‘ಶೋ ಮಿ ಲವ್’ ಎಂದು ಬಿಡುಗಡೆಯಾಯಿತು. ಅಗ್ನೆಸ್‌ಗೆ 16 ತುಂಬುತ್ತದೆ, ಸ್ನೇಹಿತರಿಲ್ಲ. ಅಮ್ಮ ಹಟ ಹಿಡಿದು ಹುಟ್ಟುಹಬ್ಬ ಏರ್ಪಡಿಸುತ್ತಾಳೆ. ಗಾಲಿಕುರ್ಚಿಯ ಒಬ್ಬ ಹುಡುಗಿ ಮಾತ್ರ ಉಡುಗೊರೆ ಹಿಡಿದು ಬರುತ್ತಾಳೆ. ಅವಮಾನದ ಸಿಟ್ಟಿನಲ್ಲಿ ಅಗ್ನೆಸ್ ಅವಳ ಮೇಲೆಯೇ ಎರಗುತ್ತಾಳೆ, ಬಾಯಿಗೆ ಬಂದಂತೆ ಆಡುತ್ತಾಳೆ. ನಮ್ಮ ಸಿನಿಮಾಗಳಲ್ಲಾದರೆ ನೊಂದ ನಾಯಕಿಯನ್ನು ಇಷ್ಟು ಕೆಟ್ಟದಾಗಿ ವರ್ತಿಸಲು ಬಿಡುತ್ತಿದ್ದರೇ? ಅಪ್ಪ ಒಳ್ಳೆಯವನು. ಶಾಲೆಯಲ್ಲಿ ಮೆರೆದವರು ಇಪ್ಪತ್ತೈದು ವರ್ಷ ಕಳೆದ ಮೇಲೆ ಏನಾಗಿರುತ್ತಾರೆ ಎಂದು ಹೇಳಿ ಸಮಾಧಾನ ಮಾಡಲು ನೋಡುತ್ತಾನೆ. ಅವಳಿಗೆ ಸಂತೋಷ ಈಗಲೇ ಬೇಕು. ನಮ್ಮಪ್ಪನೂ ಹೀಗೆಯೇ ಸಮಾಧಾನ ಹೇಳುತ್ತಿದ್ದರಲ್ಲ!

ಅಗ್ನೆಸ್ ಪ್ರೀತಿಸುವುದು ಎಲಿನ್ ಎಂಬ ಹುಡುಗಿಯನ್ನು. ಕೊನೆಗೆ ಇಬ್ಬರೂ ಶಾಲೆಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡಿರುತ್ತಾರೆ. ಒಳಗೆ ಯಾವನೋ ಹುಡುಗನಿದ್ದಾನೆಂದು ಹೊರಗೆ ಗುಂಪು ಕಾದಿರುತ್ತದೆ. ಎಲಿನ್ ಬಾಗಿಲು ತೆರೆದು, ಎಲ್ಲರೆದುರು ತನ್ನ ಗೆಳತಿಯನ್ನು ಪರಿಚಯಿಸಿ, ದಾರಿ ಬಿಡಿಸಿಕೊಂಡು ನಡೆಯುತ್ತಾಳೆ. ಮುಂದಿನ ದೃಶ್ಯದಲ್ಲಿ ಇಬ್ಬರೂ ಚಾಕೊಲೇಟ್ ಹಾಲು ಕುಡಿಯುತ್ತಾರೆ, ಅಷ್ಟೇ. ಉಪದೇಶವಿಲ್ಲ, ಶಿಕ್ಷೆಯಿಲ್ಲ.

ಎಲ್ಲವೂ ಹೀಗೆ ಹಿತವಾಗಿಲ್ಲ. 2011ರ ‘ಪ್ಲೇ’ಯಲ್ಲಿ ಗೋಥೆನ್‌ಬರ್ಗ್‌ನ ಐವರು ಕಪ್ಪು ಹುಡುಗರು ಬೇರೆ ಮೂವರನ್ನು ಮಾತಿನಲ್ಲೇ ಕಟ್ಟಿಹಾಕಿ ದೋಚುತ್ತಾರೆ. ನಿರ್ದೇಶಕ ರೂಬೆನ್ ಓಸ್ಟ್‌ಲುಂಡ್ ಕ್ಯಾಮೆರಾವನ್ನು ದೂರದಲ್ಲಿ ನೆಟ್ಟು ಸುಮ್ಮನೆ ನೋಡಿಸುತ್ತಾರೆ. ಜನಾಂಗೀಯ ಪೂರ್ವಗ್ರಹವಿದೆಯೆಂದು ಇಲ್ಲಿ ದೊಡ್ಡ ಚರ್ಚೆಯೇ ಆಯಿತು. ನನಗೂ ಆ ಅನುಮಾನ ಹೋಗಿಲ್ಲ. ಪುಟ್ಟಿಗೆ ಇದು ಸದ್ಯಕ್ಕೆ ಬೇಡ.

‘ವಿ ಆರ್ ದಿ ಬೆಸ್ಟ್!’ ತೋರಿಸು. 2013ರದ್ದು, ಇದೂ ಮೂಡಿಸನ್ನದೇ. 1982ರ ಸ್ಟಾಕ್‌ಹೋಮಿನಲ್ಲಿ ಇಬ್ಬರು ಹುಡುಗಿಯರು, ಗಲಾಟೆ ಮಾಡುವ ಹುಡುಗರ ಬ್ಯಾಂಡಿಗೆ ಸೆಡ್ಡು ಹೊಡೆಯಲೆಂದೇ ಅಭ್ಯಾಸದ ಕೋಣೆಯನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಾರೆ. ಇಬ್ಬರಿಗೂ ಒಂದು ವಾದ್ಯವೂ ಬಾರದು! ಗಿಟಾರ್ ಬಲ್ಲ ಮೂರನೆಯವಳನ್ನು ಆಮೇಲೆ ಸೇರಿಸಿಕೊಳ್ಳುತ್ತಾರೆ. ಅವರು ಕಟ್ಟುವ ಹಾಡು ಆಟೋಟದ ವಿರುದ್ಧ. ಪಿ.ಟಿ. ತರಗತಿ ತಪ್ಪಿಸಲು ಹೊಟ್ಟೆನೋವು ನಟಿಸುವ ನಿನ್ನ ಮಗಳಿಗೆ ಬಾಯಿಪಾಠವಾಗುತ್ತದೆ, ಎಚ್ಚರ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ