ಕಾಣದ ಖಾನೆ ತುಂಬುವುದು ಹೇಗೆ?

ಮಾನ್ಯ ಸಂಪಾದಕರೇ,

ಡೊಂಬಿವಲಿಯಲ್ಲಿದ್ದೇನೆ. ಹದಿನಾಲ್ಕು ವರ್ಷದಿಂದ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೆಬ್ ಫಾರ್ಮ್ ಬರೆಯುವುದೇ ನನ್ನ ಹೊಟ್ಟೆಪಾಡು.

ಕಳೆದ ಭಾನುವಾರ ಅಮ್ಮನಿಗಾಗಿ ಒಂದು ಕಚೇರಿಯ ಆನ್‌ಲೈನ್ ಅರ್ಜಿ ತುಂಬಲು ಕೂತೆ. ಕೈತಪ್ಪಿ 'ವಿವಾಹಿತೆ' ಒತ್ತಿದೆ. ಗಂಡನ ಉದ್ಯೋಗದ ಖಾನೆ ಬಂತು. 'ವಿಧವೆ' ಎಂದು ಬದಲಿಸಿದೆ, ಖಾನೆ ಮಾಯ. ಕೊನೆಗೆ ಸಬ್ಮಿಟ್ ಒತ್ತಿದರೆ ಏನೂ ಆಗಲಿಲ್ಲ. ಏಳು ಸಲ ಒತ್ತಿದೆ. "ನಿನ್ನ ಕೆಲಸವೂ ಇದೇ ಅಲ್ವಾ ಮಗಾ?" ಅಂದರು ಅಮ್ಮ.

ಪುಟದ ಕೋಡ್ ಒಳಗೆ ಇಣುಕಿದೆ. ಖಾನೆಯನ್ನು ಪುಟದ ರೂಪ ನಿರ್ಧರಿಸುವ ಸಿಎಸ್ಎಸ್‌ನಿಂದ ಸುಮ್ನೆ ಮರೆಮಾಡಿದ್ದರು, 'ರಿಕ್ವೈರ್ಡ್' (ತುಂಬಲೇಬೇಕು) ಗುರುತು ಹಾಗೇ ಇತ್ತು. ಅದನ್ನು ತುಂಬದೆ ಬ್ರೌಸರ್ ಅರ್ಜಿಯನ್ನು ಮುಂದೆ ಬಿಡುವುದಿಲ್ಲ, ತಪ್ಪು ತೋರಿಸೋಣವೆಂದರೆ ಖಾನೆಯೇ ಕಾಣುವುದಿಲ್ಲ! ಮರೆಮಾಡುವಾಗಲೇ 'ಡಿಸೇಬಲ್ಡ್' (ನಿಷ್ಕ್ರಿಯ) ಮಾಡಿದ್ದರೆ ಬ್ರೌಸರ್ ಅದನ್ನು ಪರೀಕ್ಷಿಸುತ್ತಲೂ ಇರಲಿಲ್ಲ, ಸರ್ವರ್‌ಗೆ ಕಳಿಸುತ್ತಲೂ ಇರಲಿಲ್ಲ. ಒಂದೇ ಸಾಲಿನ ಕೆಲಸ.

ಜಾವಾದಲ್ಲಿ ವೆಬ್ ಪುಟ ಕಟ್ಟುವ ಸಾಧನವಾದ ಜೆಎಸ್ಎಫ್‌ನಲ್ಲಿ 'ರೆಂಡರ್ಡ್' (ಖಾನೆ ತೋರಿಸಬೇಕೇ ಎಂಬ ಸೂಚನೆ) ಸುಳ್ಳಾದರೆ ಖಾನೆ ಪುಟಕ್ಕೇ ಬರುವುದಿಲ್ಲ, ಅದರ ಪರೀಕ್ಷೆಯೂ ನಡೆಯುವುದಿಲ್ಲ. ಆದರೆ ಇಡೀ ಪುಟವನ್ನು ಮತ್ತೆ ತೆರೆಯದೆ ಒಂದು ಭಾಗವನ್ನಷ್ಟೇ ಬದಲಿಸುವ ಅಜಾಕ್ಸ್‌ನಿಂದ ಮತ್ತೆ ತರುವಾಗ ಖಾನೆಯನ್ನಲ್ಲ, ಅದರ ಸುತ್ತ ಸದಾ ಇರುವ ಪ್ಯಾನೆಲನ್ನು ಹೊಸದಾಗಿಸಬೇಕು. ನಾನೇ ಇದಕ್ಕೆ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ. ಹಾಗೆಯೇ, ಯಾವ ಉತ್ತರಕ್ಕೆ ಯಾವ ಖಾನೆ ಬೇಕೆಂದು ಸರ್ವರ್‌ನಲ್ಲೂ ನೋಡಲೇಬೇಕು. ಬ್ರೌಸರನ್ನು ನಂಬಿ ಕೂರುವಂತಿಲ್ಲ.

ಇಂಥ ಅರ್ಜಿ ಮಾಡುವವರು ಒಮ್ಮೆ ಉತ್ತರ ಬದಲಿಸಿಯೂ ಪರೀಕ್ಷಿಸಲಿ. ಅಮ್ಮನ ಅರ್ಜಿಯನ್ನು ಸೋಮವಾರ ರಜೆ ಹಾಕಿ ಕೈಯಾರೆ ಕೊಟ್ಟುಬಂದೆ.

— ಒಬ್ಬ ಓದುಗ, ಡೊಂಬಿವಲಿ, ಠಾಣೆ ಜಿಲ್ಲೆ