ಬಸ್ಸು ತಪ್ಪಿದವನ ಪತ್ರ

ಮಾರಾಯ,

ವಾಟ್ಸಾಪಿನಲ್ಲಿ ಕಳಿಸಿದರೆ ಹೆಬ್ಬೆರಳು ತೋರಿಸಿ ಮುಗಿಸುತ್ತೀ. ಅದಕ್ಕೇ ಇಲ್ಲಿ, ಎಲ್ಲರ ಕಣ್ಣೆದುರು ಬರೆಯುತ್ತಿದ್ದೇನೆ. ಓದುವವರು ಓದಲಿ. ಛತ್ರಿಯ ವಿಷಯ ಮಾತ್ರ ಯಾರೂ ಕೇಳಬಾರದು.

ಬೆಂಗಳೂರಿನ ಜಿಮ್ಮಿನ ಕನ್ನಡಿ ಎದುರು ನೀನು ತೆಗೆದ ಫೋಟೋ ನೋಡಿದೆ. ಹೊಟ್ಟೆ ಒಳಗೆಳೆದುಕೊಂಡದ್ದು ಗೊತ್ತಾಗುತ್ತದೆ. ಕುಂಬಳೆ ಸ್ಟೇಷನ್ನಿನಲ್ಲೂ ಹಾಗೇ ನಿಂತಿದ್ದೆ, ಅಲ್ವಾ?

ನನ್ನದೂ ಶುರುವಾಗಿದೆ. ನಮ್ಮ ಕಾಸರಗೋಡಿನ ನೀರ್ಚಾಲಿನಲ್ಲಿ ವಾಕಿಂಗ್ ಅಂದರೇನು ಅಂತ ನಿನಗೆ ಮರೆತಿರಬಹುದು. ಕೈಬೀಸಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೈಕೊಂದು ನಿಲ್ಲುತ್ತದೆ. "ಬಸ್ಸು ತಪ್ಪಿತಾ? ಹತ್ತಿ." ಇನ್ನೊಬ್ಬ ತುಳುವಿನಲ್ಲಿ, ಮತ್ತೊಬ್ಬ ಮಲಯಾಳದಲ್ಲಿ. ಮೂರು ಭಾಷೆಯಲ್ಲಿ ಬೇಡ ಅನ್ನುವುದೇ ಒಂದು ವ್ಯಾಯಾಮ. ದಾಕ್ಷಿಣ್ಯಕ್ಕೆ ಎರಡು ಸಲ ಹತ್ತಿದ್ದೂ ಉಂಟು. ಅಷ್ಟರಲ್ಲಿ ಜೂನ್ ಬಂತು, ಮುರಕಲ್ಲಿನ ದಾರಿ ಪಾಚಿ ಹಿಡಿಯಿತು. ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತ ಕೈಯ ಪಟ್ಟಿ ದಿನಾ ಗೊಣಗುತ್ತಿತ್ತು. ಆ ಲೆಕ್ಕ ಯಾವ ಡಾಕ್ಟರದ್ದೂ ಅಲ್ಲವಂತೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲಿಕ್ಕೆ ಇಟ್ಟ ಹೆಸರು. ಪಟ್ಟಿ ಬಿಚ್ಚಿ ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟೆ.

ಯಾಕೆ ಶುರುಮಾಡಿದೆ ಅಂತ ಕೇಳಿದವರಿಗೆಲ್ಲ ಶುಗರ್ ಅಂತ ಹೇಳಿದ್ದೇನೆ. ನಿನಗೂ ಹಾಗೇ ಹೇಳಿದ್ದೆ. ಶುಗರ್ ಅಲ್ಲ.

ಮೇ ತಿಂಗಳಲ್ಲಿ ಅಪ್ಪ ಬಚ್ಚಲಿನಲ್ಲಿ ಬಿದ್ದರು. ಪೆಟ್ಟೇನೂ ಆಗಲಿಲ್ಲ. ಗೋಡೆಗೊರಗಿ ಕೂತಿದ್ದರು, ಒದ್ದೆ ಬೈರಾಸು ಹೆಗಲ ಮೇಲೆ. "ಹಿಡಿ" ಅಂತ ಕೈ ಕೊಟ್ಟರು. ಕಂಕುಳಿಗೆ ಕೈ ಹಾಕಿ ಎತ್ತಿದೆ. ಆಗಲಿಲ್ಲ. ಇನ್ನೊಮ್ಮೆ ಎತ್ತಿದೆ. ಅರ್ಧಕ್ಕೆ ಬಂದವರು ಮೆಲ್ಲ ಜಾರಿ ಮತ್ತೆ ಕೂತರು. 58 ಕಿಲೋ ಅಷ್ಟೇ, ಆಮೇಲೆ ಅಡಿಕೆಯ ತೂಕದ ಮೆಷಿನ್ನಿನಲ್ಲಿ ನಿಲ್ಲಿಸಿ ನೋಡಿದ್ದು. ಪಕ್ಕದ ಮನೆಯ ಹುಡುಗ ಓಡಿ ಬಂದ, ಚಪ್ಪಲಿ ಕೂಡ ಬಿಡದೆ ಒಂದೇ ಸಲಕ್ಕೆ ಎತ್ತಿ ನಿಲ್ಲಿಸಿದ. ಅಪ್ಪ ಅವನಿಗೆ ಚಾ ಕುಡಿದು ಹೋಗು ಅಂದರು. ನನ್ನ ಮುಖ ನೋಡಲಿಲ್ಲ. ನನಗೆ ನಾಚಿಕೆ ಆಗದಿರಲಿ ಅಂತ ನೋಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ವಾರಕ್ಕೆ 150 ನಿಮಿಷ ನಡೀಬೇಕು ಅಂತ ಎಲ್ಲರೂ ಉರು ಹೊಡೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾತಿನ ಬಾಲದಲ್ಲಿ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ ಬೇಕು ಅಂತಲೂ ಉಂಟು. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಾಗಾಗಿ ಬೆಳಿಗ್ಗೆ ಹಾಲು ಉಕ್ಕುವವರೆಗೆ ಜಗಲಿಯಲ್ಲಿ ಕೈ ಊರದೆ ಕೂತು ಏಳುವುದು. ಎರಡು ಸಲ ಹಾಲೂ ಹೋಯಿತು. ಸಂಜೆ ಬಸ್ಸಿಳಿದು ಬಂದವನು ಅಂಗಿ ಬದಲಿಸುವ ಮೊದಲೇ ಗೋಣಿಯ ಹತ್ತಿರ ಹೋಗುತ್ತೇನೆ. ಅಂಗಿ ಬದಲಿಸಿದರೆ ಕುರ್ಚಿ ಕರೆಯುತ್ತದೆ. ರೇಟು ಏರಲಿ ಅಂತ ಇಟ್ಟ ಹಳೆ ಅಡಿಕೆಯಲ್ಲಿ 20 ಕಿಲೋ ತುಂಬಿಸಿ ಶುರು ಮಾಡಿದ್ದು, ವಾರಕ್ಕೆ ಎರಡೆರಡು ಕಿಲೋ ಸೇರಿಸುತ್ತಾ ಬಂದೆ. ಮೊಣಕಾಲು ಮಡಚಿ, ಎದೆಗೆ ಒತ್ತಿಕೊಂಡು, ಮೆಲ್ಲ ಏಳುವುದು. ಈಗ 38. ಇನ್ನು 20 ಬಾಕಿ.

ಅಪ್ಪ ಪೇಪರಿನ ಮರೆಯಿಂದ ನೋಡುತ್ತಾರೆ. ಯಾಕೆ ಅಂತ ಕೇಳಿಲ್ಲ. ಮೊನ್ನೆ "ಬಾಯಿ ಬಿಗಿಯಾಗಿ ಕಟ್ಟು, ಅಡಿಕೆ ಚೆಲ್ಲುತ್ತದೆ" ಅಂದರು.

ರಾತ್ರಿ ಇನ್ನೊಂದು ಲೆಕ್ಕ ಬರುತ್ತದೆ. ನಾನು 82 ಕಿಲೋ. ಮಗಳು ಊರಲ್ಲಿ ನಿಲ್ಲುವವಳಲ್ಲ, ನಿಲ್ಲಲೂಬಾರದು. ಪಕ್ಕದ ಮನೆಯ ಹುಡುಗ ಗಲ್ಫಿನ ವೀಸಾ ಕಾಯುತ್ತಿದ್ದಾನೆ. ವೀಸಾ ತಡವಾಗಲಿ ಅಂತ ಒಂದು ದಿನ ಮನಸ್ಸಿನಲ್ಲೇ ಬೇಡಿಕೊಂಡೆ, ನೋಡು.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತದ್ದಲ್ಲ.

ಚೌತಿಗೆ ಮಧೂರಿಗೆ ಬರುತ್ತೀಯಲ್ಲ, ಆಗ ನಿನ್ನನ್ನೊಮ್ಮೆ ಎತ್ತಿ ನೋಡುವುದು ಅಂತ ಇದ್ದೇನೆ. ಮಧೂರು ಗಣಪತಿಯ ಪ್ರಸಾದದ ಅಪ್ಪ ತಿನ್ನುವ ಮೊದಲೇ ಬಾ. ಹೊಟ್ಟೆ ಒಳಗೆಳೆದುಕೊಂಡರೆ ತೂಕ ಕಮ್ಮಿ ಆಗುವುದಿಲ್ಲ, ಗೊತ್ತಿರಲಿ.

ಛತ್ರಿ ಮರೆಯಬೇಡ.