ಲಾಡ್ಜ್ ವೈದ್ಯರ ಜಾಹೀರಾತು ಮತ್ತು ನನ್ನ ಆರು ವಾರ

ಸಂಪಾದಕರಿಗೆ ನಮಸ್ಕಾರ,

ಹೆಸರು ಹಾಕಬೇಡಿ, ಜಮಖಂಡಿ ಅಂತ ಇದ್ದರೆ ಸಾಕು. ನನಗೆ 46 ವರ್ಷ, ಕಬ್ಬಿನ ಲಾರಿ ಓಡಿಸುತ್ತೇನೆ. ಹೋದ ಹಂಗಾಮಿನಲ್ಲಿ ವೀರ್ಯದಲ್ಲಿ ರಕ್ತ ಕಂಡಿತು. ನೋವಿಲ್ಲ, ಜ್ವರ ಇಲ್ಲ. ಮೊದಲು ಕೆಂಪಗಿತ್ತು, ಆಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿತು. ಇಂಜಿನ್ ಪಕ್ಕ ಕೂತು ಕೂತು ಉಷ್ಣ ಆಗಿರಬೇಕು ಅಂದುಕೊಂಡು ಕಾಮಕಸ್ತೂರಿ ಬೀಜ ನೆನೆಸಿ ಕುಡಿದೆ, ಮಜ್ಜಿಗೆ ಜಾಸ್ತಿ ಮಾಡಿದೆ, ರೊಟ್ಟಿ ಜೊತೆ ರಂಜಕವನ್ನೂ ಬಿಟ್ಟೆ. ರಂಜಕ ಬಿಡುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಲ್ವಾ!

ಎರಡು ವಾರವಾದರೂ ನಿಲ್ಲಲಿಲ್ಲ. ಆಗ ಕಣ್ಣಿಗೆ ಬಿದ್ದಿದ್ದು ನಿಮ್ಮದೇ ಪತ್ರಿಕೆಯ ಒಳಪುಟದ ಜಾಹೀರಾತು. ಗುಪ್ತರೋಗಕ್ಕೆ ಶಾಶ್ವತ ಪರಿಹಾರ, ವೈದ್ಯರು ಇಂಥ ದಿನ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ ಅಂತ ಇತ್ತು. ಹೋದೆ. ಆ ಮನುಷ್ಯ ನನ್ನನ್ನು ಮುಟ್ಟಿ ನೋಡಲಿಲ್ಲ, ಬಿಪಿ ಅಳೆಯಲಿಲ್ಲ. ಚಿಕ್ಕ ವಯಸ್ಸಿನ ತಪ್ಪಿನಿಂದ ಧಾತು ಕೆಟ್ಟಿದೆ ಅಂದ. 6,000 ರೂಪಾಯಿ ತೆಗೆದುಕೊಂಡು ಬೂದಿ ಬಣ್ಣದ ಪುಡಿ ಕೊಟ್ಟ. ಇನ್ನೊಂದು ತಿಂಗಳು ಹಾಗೇ ಹೋಯಿತು.

ಅಕ್ಕನ ಮಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಪುಡಿಯ ಪೊಟ್ಟಣ ನೋಡಿ "ಮಾಮಾ, ಇದರಲ್ಲಿ ಏನಿದೆ ಅಂತ ಗೊತ್ತಾ ನಿಮಗೆ?" ಅಂತ ಬೈದು, ಬಾಗಲಕೋಟೆಯ ಮೂತ್ರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರ್ ಮೊದಲು ಕೇಳಿದ್ದು, ರಕ್ತ ನಿಮ್ಮದೇನಾ ಅಥವಾ ಹೆಂಡತಿಯದಾ ಅಂತ. ಕಾಂಡೋಮ್ ಹಾಕಿ ನೋಡಿದರೆ ಗೊತ್ತಾಗುತ್ತದಂತೆ, ನನಗೆ ಹೊಳೆದೇ ಇರಲಿಲ್ಲ. ಬಿಪಿ 180/110 ಇತ್ತು. ಮೂತ್ರ ಪರೀಕ್ಷೆ ಆಯಿತು, ಪ್ರಾಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ, ಅದರ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆಯೂ ಆಯಿತು. ಗುದದ್ವಾರದಲ್ಲಿ ಬೆರಳು ಹಾಕಿ ಆ ಗ್ರಂಥಿಯನ್ನು ಮುಟ್ಟಿ ನೋಡಿದರು. ಅರ್ಧ ನಿಮಿಷದ ಮುಜುಗರ, ಅಷ್ಟೇ. ಮೂತ್ರದಲ್ಲಿ ಸೋಂಕು ಸಿಕ್ಕಿತು. ಸೋಂಕಿಗೆ, ಬಿಪಿಗೆ ಮಾತ್ರೆ ಕೊಟ್ಟರು. ಈಗ ರಕ್ತ ಇಲ್ಲ.

ಅವರು ಹೇಳಿದ್ದನ್ನು ನನ್ನಂಥವರಿಗಾಗಿ ಬರೆಯುತ್ತಿದ್ದೇನೆ. ವೀರ್ಯದ ಬಹುಪಾಲು ನೀರು ಬರುವುದು ಮೂತ್ರಕೋಶದ ಹಿಂದಿನ ಎರಡು ಚೀಲಗಳಿಂದ ಮತ್ತು ಪ್ರಾಸ್ಟೇಟ್‌ನಿಂದ. ಅಲ್ಲಿ ಸೋಂಕು, ಊತ ಅಥವಾ ಸಣ್ಣ ಕಲ್ಲು ಇದ್ದರೆ ರಕ್ತ ಬರಬಹುದು. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು, ಕ್ಷಯ, ಜಾಸ್ತಿ ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಪೆಟ್ಟು, ಇವೂ ಕಾರಣ ಆಗುತ್ತವೆ. ಪ್ರಾಸ್ಟೇಟ್‌ನಿಂದ ಬಯಾಪ್ಸಿ, ಅಂದರೆ ಪರೀಕ್ಷೆಗೆ ಸಣ್ಣ ತುಣುಕು, ತೆಗೆದ ಮೇಲೆ ಕೆಲವು ವಾರ ಹೀಗಾಗುವುದು ಸಾಮಾನ್ಯ. ಎಷ್ಟೋ ಜನರಲ್ಲಿ ಕಾರಣವೇ ಸಿಗುವುದಿಲ್ಲ, ತಾನಾಗಿ ನಿಲ್ಲುತ್ತದೆ. ಕ್ಯಾನ್ಸರ್ ಅಪರೂಪ, ಆದರೆ 40 ದಾಟಿದವರು ಒಮ್ಮೆ ಕಂಡರೂ ತೋರಿಸಿಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕವರು ಒಂದೇ ಸಲ ಕಂಡು ಬೇರೇನೂ ತೊಂದರೆ ಇಲ್ಲದಿದ್ದರೆ ಗಾಬರಿಯಾಗಬೇಕಿಲ್ಲ. ಮತ್ತೆ ಮತ್ತೆ ಬಂದರೆ ಅಥವಾ ಮೂರು ನಾಲ್ಕು ವಾರ ಮೀರಿದರೆ ಹೋಗಬೇಕು. ಮೂತ್ರದಲ್ಲೂ ರಕ್ತ, ಉರಿ, ಜ್ವರ, ವೃಷಣದಲ್ಲಿ ಗಂಟು, ಅಪ್ಪನಿಗೋ ಅಣ್ಣನಿಗೋ ಪ್ರಾಸ್ಟೇಟ್ ಕ್ಯಾನ್ಸರ್, ಇದರಲ್ಲಿ ಯಾವುದಿದ್ದರೂ ತಡ ಮಾಡಬಾರದು. ಮೂತ್ರ ಕಟ್ಟಿಕೊಂಡರಂತೂ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ನಿಮಗೊಂದು ಮಾತು. ಮಾಂತ್ರಿಕ ಔಷಧಿಗಳ ಜಾಹೀರಾತು ತಡೆಯುವ ಕಾನೂನು 1954ರಿಂದಲೇ ಇದೆ. ಗುಹ್ಯರೋಗ, ಪ್ರಾಸ್ಟೇಟ್ ತೊಂದರೆ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವಂತಿಲ್ಲ. ಕಾಸು ಬರುತ್ತದೆ ಅಂತ ಸುಮ್ನೆ ಹಾಕುತ್ತಿದ್ದೀರಾ? ಆ ಲಾಡ್ಜಿನ ಮೆಟ್ಟಿಲ ಮೇಲೆ ನನ್ನ ಮುಂದೆ ಹನ್ನೊಂದು ಜನ ತಲೆ ತಗ್ಗಿಸಿ ಕೂತಿದ್ದರು. ಇಬ್ಬರ ಜೇಬಿನಲ್ಲಿ ನಿಮ್ಮ ಪತ್ರಿಕೆಯ ಅದೇ ತುಂಡು ಇತ್ತು.

ಇಂತಿ,
ಒಬ್ಬ ಓದುಗ, ಜಮಖಂಡಿ